ಇಲ್ಲದ ಪೆಟ್ಟಿಗೆಯ ಮುಂದೆ ಇಲ್ಲದ ಮೈಕು

ಮನೆಯಲ್ಲೇ ಎಲೆಕ್ಟ್ರಿಕ್ ಗಿಟಾರ್ ರೆಕಾರ್ಡ್ ಮಾಡುವವರ ಸಂಗೀತವನ್ನು ಎಲ್ಲರಿಗಿಂತ ಕಡಿಮೆ ಕೇಳಿದವರು ಆ ಮನೆಯವರೇ. ನನ್ನ ಹೆಡ್‌ಫೋನಿನೊಳಗೆ ನಾಲ್ಕು ಸ್ಪೀಕರಿನ ದೊಡ್ಡ ಪೆಟ್ಟಿಗೆ ಗುಡುಗುತ್ತಿರುತ್ತದೆ. ಹಾಲ್‌ನಲ್ಲಿ ಕೂತವರಿಗೆ ಕೇಳಿಸುವುದು ತಂತಿಯ ಟಿಣ್ ಟಿಣ್ ಮಾತ್ರ. ಜೊತೆಗೆ ನನ್ನ ಮುಖ ಕಾಣಿಸುತ್ತದೆ. ಆ ಟಿಣ್ ಟಿಣ್‌ಗೆ ಇಷ್ಟೊಂದು ಮುಖ ಯಾಕೆ ಎನ್ನುವುದು ಅಮ್ಮನ ತಕರಾರು. ಒಂದು ದಿನ ಒಳ್ಳೇ ಸೋಲೋ ನಡುವೆ ಬಂದು ಕೈಗೆ ಲವಂಗ ಕೊಟ್ಟಳು. "ಹಲ್ಲು ನೋವು ಅಂತ ಹೇಳಬಾರದೇನೋ?"

ಇದಕ್ಕೆಲ್ಲ ಕಾರಣ ಕ್ಯಾಬ್ ಸಿಮ್ಯುಲೇಶನ್ ಎಂಬ ಸಾಫ್ಟ್‌ವೇರ್. ಕ್ಯಾಬ್ ಅಂದರೆ ಸ್ಪೀಕರ್ ಕೂರಿಸಿದ ಮರದ ಪೆಟ್ಟಿಗೆ. ಹನ್ನೆರಡು ಇಂಚಿನ ನಾಲ್ಕು ಸ್ಪೀಕರಿನ ಪೆಟ್ಟಿಗೆ, ಅದರ ಮೇಲೆ 100 ವಾಟಿನ ವಾಲ್ವ್ ಆಂಪ್, ಅಂದರೆ ಹಳೇ ರೇಡಿಯೋ ಥರ ಗಾಜಿನ ವಾಲ್ವಿನ ಆಂಪ್ಲಿಫೈಯರ್. ರಾಕ್ ಸಂಗೀತದ ಹಳೆಯ ಜೋಡಿ ಇದು. ಹದಕ್ಕೆ ಬರಬೇಕಾದರೆ ಜೋರಾಗಿಯೇ ನುಡಿಸಬೇಕು. ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಅದು ಆಗುವ ಮಾತಲ್ಲ. ಮಗು ಕಾರಿಡಾರಿನಲ್ಲಿ ಸೈಕಲ್ ಬೆಲ್ ಹೊಡೆದದ್ದಕ್ಕೇ ಮೀಟಿಂಗ್ ಕರೆದ ಅಸೋಸಿಯೇಶನ್ ನಮ್ಮದು. ಹೋಗಲಿ, ಪೆಟ್ಟಿಗೆ ಬಿಟ್ಟು ಆಂಪ್ ಮಾತ್ರ ಇಟ್ಟುಕೊಳ್ಳೋಣ ಅಂದರೆ ಅದೂ ಕಷ್ಟ. ಸ್ಪೀಕರನ್ನೋ, ಅದರ ಬದಲಿಗೆ ಲೋಡ್ ಬಾಕ್ಸನ್ನೋ ಸಿಕ್ಕಿಸದೆ ವಾಲ್ವ್ ಆಂಪ್ ನುಡಿಸಿದರೆ ಅದರ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ತಮಾಷೆ ಏನೆಂದರೆ, ಗಿಟಾರ್ ಸ್ಪೀಕರ್ ಸ್ಪೀಕರಿನ ಲೆಕ್ಕದಲ್ಲಿ ಅಷ್ಟೇನೂ ಒಳ್ಳೆಯದಲ್ಲ. ಸುಮಾರು 5000 ಹರ್ಟ್ಸ್ ದಾಟಿದ ಮೇಲೆ ಕೆಲಸಕ್ಕೆ ರಜೆ ಹಾಕುತ್ತದೆ. ಆ ಸೋಮಾರಿತನಕ್ಕೇ ಜಗತ್ತು ಮರುಳಾಗಿದೆ. ಸ್ಪೀಕರ್ ತಪ್ಪಿಸಿ ಡಿಸ್ಟಾರ್ಶನ್ ಗಿಟಾರನ್ನು, ಅಂದರೆ ದನಿಯನ್ನು ಬೇಕೆಂದೇ ಒಡೆದು ಒರಟಾಗಿಸಿದ ಗಿಟಾರನ್ನು, ನೇರವಾಗಿ ಕಂಪ್ಯೂಟರಿಗೆ ಕೊಟ್ಟು ನೋಡಿ. ಜುಯ್ ಎಂದು ಕಿವಿ ಕೊರೆಯುತ್ತದೆ. ಹಾಗಾಗಿ ಸ್ಪೀಕರಿನ ಈ ದೌರ್ಬಲ್ಯವನ್ನು ನಕಲು ಮಾಡಿ ಮಾರುವವರು ಬಂದರು, ದುಡ್ಡು ಕೊಟ್ಟು ಕೊಳ್ಳುವ ನಾವೂ ಬಂದೆವು.

ನಕಲು ಮಾಡುವ ರೀತಿ ಮಾತ್ರ ಚೆನ್ನಾಗಿದೆ. ನಿಜವಾದ ಪೆಟ್ಟಿಗೆಯ ಮುಂದೆ ಮೈಕ್ ಇಡುತ್ತಾರೆ. ತಗ್ಗಿನಿಂದ ಕೀರಲಿನವರೆಗೆ ಏರುತ್ತ ಹೋಗುವ ಒಂದು ಶಬ್ದವನ್ನು ಪೆಟ್ಟಿಗೆಯಿಂದ ಹೊರಡಿಸುತ್ತಾರೆ. ಕೊಟ್ಟದ್ದು ಏನು, ಮೈಕಿಗೆ ಸಿಕ್ಕಿದ್ದು ಏನು ಎಂದು ಕಂಪ್ಯೂಟರ್ ತಾಳೆ ನೋಡಿ ಒಂದು ಪುಟ್ಟ ಫೈಲ್ ಮಾಡಿಕೊಡುತ್ತದೆ. ಇಂಪಲ್ಸ್ ರೆಸ್ಪಾನ್ಸ್, ನಮ್ಮ ಬಾಯಲ್ಲಿ ಐಆರ್. 24 ಬಿಟ್, 48 ಕಿಲೋಹರ್ಟ್ಸ್, ಅರ್ಧ ಸೆಕೆಂಡು ಅಂದರೆ ಸುಮಾರು 72 ಕೆಬಿ. ನಮ್ಮ ದೊಡ್ಡಪ್ಪ ಫ್ಯಾಮಿಲಿ ಗ್ರೂಪಿಗೆ ಹಾಕುವ ಗುಡ್ ಮಾರ್ನಿಂಗ್ ಗುಲಾಬಿಗೆ ಇದಕ್ಕಿಂತ ಜಾಗ ಬೇಕು. ಇಬ್ಬರು ಸೇರಿ ಎತ್ತುವ ಪೆಟ್ಟಿಗೆ ಅಷ್ಟರೊಳಗೆ ಕೂತುಬಿಡುತ್ತದೆ.

ಅಪಾಯ ಅಲ್ಲೇ ಇದೆ. ಪೆಟ್ಟಿಗೆಯನ್ನು ಎತ್ತಬೇಕಾಗಿದ್ದರೆ ಯಾರೂ ಒಂದಕ್ಕಿಂತ ಜಾಸ್ತಿ ಇಟ್ಟುಕೊಳ್ಳುತ್ತಿರಲಿಲ್ಲ. ಈಗ ಒಂದೊಂದು ಪ್ಯಾಕಿನಲ್ಲೂ ನೂರಾರು ಫೈಲು. ಸ್ಪೀಕರ್ ಸೆಲೆಶನ್ ವಿಂಟೇಜ್ 30ಯೋ ಗ್ರೀನ್‌ಬ್ಯಾಕೋ? ಮೈಕ್ ಸ್ಪೀಕರ್ ಕೋನಿನ ನಟ್ಟನಡುವೆಯೋ ಅಂಚಿಗೋ? ಒಂದಿಂಚು ದೂರವೋ ಎರಡೋ? ನಡುವೆ ಇಟ್ಟರೆ ದನಿ ಚೂಪು, ಅಂಚಿಗೆ ಸರಿಸಿದಷ್ಟೂ ಮೆತ್ತಗೆ. ಹೆಚ್ಚಿನವರು ಆರಿಸುವ ಮೈಕು ಶೂರ್ ಎಸ್‌ಎಂ57, 1965ರಿಂದ ಚಾಲ್ತಿಯಲ್ಲಿದೆ. ನನ್ನ ಹತ್ತಿರ ನಿಜವಾದದ್ದೇ ಒಂದಿದೆ, ಡ್ರಾಯರಿನಲ್ಲಿ ಮಲಗಿರುತ್ತದೆ. ಅದನ್ನು ಅಲ್ಲೇ ಬಿಟ್ಟು ಪರದೆಯ ಮೇಲಿನ ಚಿತ್ರದ 57 ಅನ್ನು ಮೌಸಿನಲ್ಲಿ ಹಿಡಿದು ಎಡಕ್ಕೆ ಬಲಕ್ಕೆ ಎಳೆಯುತ್ತ ಕೂತಿರುತ್ತೇನೆ.

"ರೀ, ಅಷ್ಟೊತ್ತಿಂದ ಏನ್ ಮಾಡ್ತಿದೀರಾ?"

"ಮೈಕ್ ಸರಿಸ್ತಿದೀನಿ."

"ಮಂಚ ಸರಿಸಿ ಅಂತ ದೀಪಾವಳಿಯಿಂದ ಹೇಳ್ತಾ ಇದೀನಿ."

ಹಿಂದಿನವರಿಗೆ ಇಷ್ಟೊಂದು ಆಯ್ಕೆ ಇರಲಿಲ್ಲ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ತನಗೆ ಬೇಕಾದ ಒರಟು ದನಿಗಾಗಿ ಚಿಕ್ಕ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದ. ಕೆಲಸ ಮುಗೀತು. ನಾನಾಗಿದ್ದರೆ ಯಾವ ಕಂಪನಿಯ ಬ್ಲೇಡು, ಎಷ್ಟು ಇಂಚು ಸೀಳು ಎಂದು ಹೋಲಿಸಿ ನೋಡುವಷ್ಟರಲ್ಲಿ ಹಾಡಿನ ಫ್ಯಾಶನ್ನೇ ಹೋಗಿರುತ್ತಿತ್ತು.

ಮೈಕ್ ಇಲ್ಲದ್ದರಿಂದ ಒಂದು ಉಪಕಾರವೂ ಇದೆ. ಕುಕ್ಕರ್ ಎಷ್ಟೇ ಕೂಗಲಿ, ರೆಕಾರ್ಡಿಂಗಿಗೆ ಬರುವುದಿಲ್ಲ. ಆದರೆ ಮಿಕ್ಸಿ ಬರುತ್ತದೆ! ಗಿಟಾರಿನ ತಂತಿಗಳ ಕೆಳಗಿರುವ ಸಿಂಗಲ್ ಕಾಯಿಲ್ ಪಿಕಪ್ ಅನ್ನುವುದು ತಂತಿಯ ಅಲುಗಾಟವನ್ನೂ ಹಿಡಿಯುತ್ತದೆ, ಮೋಟಾರಿನ ಗದ್ದಲವನ್ನೂ ಹಿಡಿಯುತ್ತದೆ. ಅದಕ್ಕೆ ಭೇದವಿಲ್ಲ. ಹಾಗಾಗಿ ನಮ್ಮನೆ ಕಾಯಿ ಚಟ್ನಿ ಇಂಗ್ಲೆಂಡಿನ ಸ್ಪೀಕರು, ಅಮೆರಿಕದ ಮೈಕು ಎಲ್ಲ ದಾಟಿ, ಸ್ಟೀರಿಯೋದಲ್ಲಿ ನನ್ನ ಕಿವಿಗೇ ರುಬ್ಬಿಕೊಳ್ಳುತ್ತದೆ.

ನಮ್ಮ ತಂಡದ ಇನ್ನೊಬ್ಬ ಗಿಟಾರಿನವನದು ಬೇರೆಯೇ ಕಥೆ. ಅವನು ಕಳಿಸಿದ ಟ್ರ್ಯಾಕಿನಲ್ಲಿ ಚೂಪೆಲ್ಲ ಹೋಗಿ ಬರೀ ಗುಂ ಗುಂ. ತಂತಿ ಬದಲಾಯಿಸಿದ. ಪಿಕಪ್ಪಿನ ಎತ್ತರ ತಿರುಗಿಸಿದ. ಕಿವಿ ತೋರಿಸಿಕೋ ಎಂದು ನನಗೇ ಹೇಳಿದ. ಕೊನೆಗೆ ನೋಡಿದರೆ ಅವನ ಪೆಡಲಿನೊಳಗೆ, ಅಂದರೆ ಕಾಲಲ್ಲಿ ಒತ್ತಿ ಗಿಟಾರಿನ ದನಿ ಬದಲಿಸುವ ಸಾಧನದೊಳಗೆ, ಒಂದು ಕ್ಯಾಬ್ ಆನ್ ಆಗಿದೆ, ನನ್ನ ಕಂಪ್ಯೂಟರಿನಲ್ಲಿ ಇನ್ನೊಂದು. ಒಂದು ಪೆಟ್ಟಿಗೆಯಿಂದ ಹೊರಬಿದ್ದ ದನಿಯನ್ನು ಮತ್ತೊಂದು ಪೆಟ್ಟಿಗೆಗೆ ತುರುಕಿದ್ದೆವು. ಇದರಿಂದ ಬುದ್ಧಿ ಕಲಿತು ಅವನು ಪೆಡಲಿನ ಕ್ಯಾಬನ್ನು ಶಾಶ್ವತವಾಗಿ ಆಫ್ ಮಾಡಿದ. ಮುಂದಿನ ವಾರ ಒಂದು ಕಾಲೇಜಿನ ಫಂಕ್ಷನ್ನು. ಬರಬೇಕಿದ್ದ ಆಂಪ್ ಬರಲಿಲ್ಲ, ಪೆಡಲನ್ನು ನೇರ ಸಭಾಂಗಣದ ಸೌಂಡ್ ಸಿಸ್ಟಮ್ಮಿಗೆ ಸಿಕ್ಕಿಸಿದರು. ಮೊದಲ ಸಲ ತಂತಿ ಮೀಟಿದ್ದಕ್ಕೇ ಮುಂದಿನ ಸಾಲಿನ ಮೇಷ್ಟ್ರುಗಳೆಲ್ಲ ಒಟ್ಟಿಗೆ ಕಿವಿ ಮುಚ್ಚಿಕೊಂಡರು. ಸೌಂಡಿನವರು ಓಡಿಬಂದು ಕೇಬಲ್ ಬದಲಾಯಿಸಿದರು. ಜುಯ್ ಹಾಗೇ ಇತ್ತು. ನಿರೂಪಣೆಯ ಹುಡುಗಿ ಇದನ್ನು ಫ್ಯೂಶನ್ ಎಂದು ಪರಿಚಯಿಸಿ ಮಾನ ಉಳಿಸಿದಳು.

ಬೇಸ್ ಗಿಟಾರ್ ನುಡಿಸುವ ಗೆಳೆಯ ಇವನಿಗಿಂತ ಜಾಣ. ಬೇಸ್ ಗಿಟಾರಿಗೆ ಪೆಟ್ಟಿಗೆ ಬೇಕೇ ಬೇಕು ಎಂದೇನಿಲ್ಲ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಬೇಸನ್ನು ನೇರವಾಗಿ ಸ್ಟುಡಿಯೋದ ಕನ್ಸೋಲಿಗೇ ಕೊಟ್ಟು ಎಷ್ಟೋ ಹಾಡು ನುಡಿಸಿದ. ಆದರೆ ನಮ್ಮವನಿಗೆ ಎರಡೂ ಬೇಕು. ನೇರ ದನಿ ಒಂದು ಟ್ರ್ಯಾಕು, ಹತ್ತಿಂಚಿನ ಎಂಟು ಸ್ಪೀಕರಿನ ಆಂಪೆಗ್ ಪೆಟ್ಟಿಗೆಯ ದನಿ ಇನ್ನೊಂದು. ಆ ಪೆಟ್ಟಿಗೆಯ ಗಾತ್ರ ನೋಡಿ ಅದಕ್ಕೆ ಫ್ರಿಜ್ ಎಂದೇ ಅಡ್ಡಹೆಸರು. ಒಂದೊಂದನ್ನೇ ಕೇಳಿದರೆ ಎರಡೂ ಅದ್ಭುತ. ಒಟ್ಟಿಗೆ ಹಾಕಿದರೆ ಜಿ ಎಂಬ ತಂತಿಯ ತಗ್ಗು ದನಿಯೇ ಮಾಯ! ಸೊಸೆ, ನಾದಿನಿ ಇಬ್ಬರೂ ಒಳ್ಳೆಯವರೇ, ಒಂದೇ ಅಡುಗೆಮನೆ ಆಗದು ಎನ್ನುವ ಹಾಗೆ.

ಅವನೂ ಮೊದಲು ತಂತಿಯನ್ನೇ ಬದಲಾಯಿಸಿದ. ನಮ್ಮ ಪೈಕಿ ಎಲ್ಲ ರೋಗಕ್ಕೂ ಅದೇ ಮೊದಲ ಮದ್ದು. ನಿಜವಾದ ಕಾರಣ, ಅವನು ಆರಿಸಿದ್ದು ಮೈಕನ್ನು ಪೆಟ್ಟಿಗೆಯಿಂದ ಐದೂವರೆ ಅಡಿ ದೂರ ಇಟ್ಟು ಮಾಡಿದ ಫೈಲು. ಅಷ್ಟು ದೂರ ದಾಟಲು ಶಬ್ದಕ್ಕೆ ಸುಮಾರು 5 ಮಿಲಿಸೆಕೆಂಡು ಬೇಕು, ಆ ತಡವೂ ಫೈಲಿನಲ್ಲಿ ಹಾಗೇ ಉಳಿದಿತ್ತು. ಬೇಸಿನ ಜಿ ತಂತಿ ಸೆಕೆಂಡಿಗೆ 98 ಸಲ ಕಂಪಿಸುತ್ತದೆ. ಅದರ ಅರ್ಧ ಸುತ್ತಿಗೆ ಹಿಡಿಯುವುದೂ ಹೆಚ್ಚುಕಡಿಮೆ 5 ಮಿಲಿಸೆಕೆಂಡೇ. ಒಂದು ಟ್ರ್ಯಾಕ್ ಮೇಲಕ್ಕೆ ಹೋಗುವಾಗ ಇನ್ನೊಂದು ಕೆಳಕ್ಕೆ ಎಳೆಯುತ್ತಿತ್ತು. ಪೆಟ್ಟಿಗೆಯ ಟ್ರ್ಯಾಕನ್ನು 240 ಸ್ಯಾಂಪಲ್, ಅಂದರೆ ಅದೇ 5 ಮಿಲಿಸೆಕೆಂಡು, ಹಿಂದಕ್ಕೆ ಜರುಗಿಸಿದ್ದೇ ತಡ, ಜಿ ಎದ್ದು ಬಂತು. ಗೆಳೆಯನ ಕಣ್ಣಲ್ಲಿ ನೀರು. ಅಂತೂ ಮಿಕ್ಸ್ ಮುಗಿಸಿ, ಮನೆಯವರಿಗೆಲ್ಲ ಕಳಿಸಿದ.

ಮನೆಯವರೆಲ್ಲ ಫೋನಿನಲ್ಲಿ ಕೇಳಿದರು. ಫೋನಿನ ಸ್ಪೀಕರ್ ಬೆರಳ ತುದಿಯಷ್ಟಿರುತ್ತದೆ, 98 ಹರ್ಟ್ಸ್ ಅದರ ಶಕ್ತಿಗೆ ಮೀರಿದ್ದು. ಅವನ ಅಕ್ಕ ತಕ್ಷಣ ಫೋನ್ ಮಾಡಿದಳು. "ತುಂಬಾ ಚೆನ್ನಾಗಿದೆ ಕಣೋ. ನೀನು ಮುಂದಿನ ಹಾಡಿಗೆ ನುಡಿಸ್ತೀಯಾ?"

ಹೀಗೆ ಫೋನಿನಲ್ಲಿ ಹೇಗೆ ಕೇಳಿಸುತ್ತದೆ ಎಂದು ಮೊದಲೇ ತೋರಿಸಿಕೊಡುವ ಫೋನ್ ಸ್ಪೀಕರ್ ಸಿಮ್ಯುಲೇಶನ್ನುಗಳೂ ಸಿಗುತ್ತವೆ. ಒಂದರ ಟ್ರಯಲ್ ಇಳಿಸಿಕೊಂಡಿದ್ದಾನೆ. ಯಾವ ಮಾಡೆಲ್ಲಿನ ಫೋನ್ ಆರಿಸಲಿ ಎಂದು ನಿನ್ನೆ ರಾತ್ರಿಯಿಂದ ಮೆಸೇಜ್ ಮಾಡುತ್ತಿದ್ದಾನೆ.