ಕಲಬುರಗಿಯಲ್ಲಿ ಮೈನಸ್ ನಲವತ್ತು

ಮೇ ತಿಂಗಳ ಮಧ್ಯಾಹ್ನ, ಕಲಬುರಗಿಯ ಡಾಂಬರು ಚಪ್ಪಲಿಗೆ ಅಂಟಿಕೊಳ್ಳುವ ಹೊತ್ತಿನಲ್ಲಿ, ಎಂಜಿನ್ನನ್ನು ತಂಪಾಗಿಡುವ ತನ್ನ ಕೂಲಂಟ್ ದ್ರವದ ಉಷ್ಣತೆ ಮೈನಸ್ 40 ಡಿಗ್ರಿ ಎಂದು ನನ್ನ ಹಳೆಯ ಪೆಟ್ರೋಲ್ ಕಾರು, ದೋಷ ಓದುವ ಸ್ಕ್ಯಾನರಿನ ಪರದೆಯ ಮೇಲೆ ಘೋಷಿಸಿತು. ಅದರ ಬಾನೆಟ್ಟಿನ ಮೇಲೆ ಆಗ ಜೋಳದ ರೊಟ್ಟಿ ಬೇಯಿಸಬಹುದಿತ್ತು.

ಒಂದು ವಾರದಿಂದ ಕೀಲಿ ತಿರುಗಿಸುವುದೇ ತಡ ರೇಡಿಯೇಟರಿನ ಫ್ಯಾನು ಭರ್ರೆಂದು ಓಡುತ್ತಿತ್ತು, ಹಿಂದಿನಿಂದ ಕಪ್ಪು ಹೊಗೆ ಬರುತ್ತಿತ್ತು. ಸ್ಕ್ಯಾನರ್ ತೋರಿಸಿದ ಪಿ0118 ಎಂಬ ಸಂಕೇತದ ವಿವರಣೆಯಲ್ಲಿ 'ಹೈ' ಎಂಬ ಪದವನ್ನಷ್ಟೇ ಓದಿದ ನಾನು, ಎಂಜಿನ್ ಕಾದಿದೆಯೆಂದು ತೀರ್ಮಾನಿಸಿ, ಕೂಲಂಟ್ ಬದಲಿಸಿ, ಕೂಲಂಟಿನ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟನ್ನೂ ಹೊಸದು ಹಾಕಿಸಿದೆ. ಹೆಚ್ಚಾಗಿದ್ದದ್ದು ಕೂಲಂಟಿನ ಉಷ್ಣತೆ ಅಳೆಯುವ ಸೆನ್ಸರಿನ ತಂತಿಯ ವೋಲ್ಟೇಜು. ಆ ಸೆನ್ಸರಿನ ವಿದ್ಯುತ್ ರೋಧ ಬಿಸಿಯಾದಷ್ಟೂ ಇಳಿಯುತ್ತದೆ, ತಣ್ಣಗಾದಷ್ಟೂ ಏರುತ್ತದೆ, ಅದರೊಂದಿಗೆ ವೋಲ್ಟೇಜೂ ಏರುತ್ತದೆ. ತಂತಿಯೇ ತುಂಡಾದರೆ ರೋಧಕ್ಕೆ ಮಿತಿಯೇ ಇಲ್ಲದೆ, ಎಂಜಿನ್ನಿನ ಕಂಪ್ಯೂಟರಿಗೆ ಅದು ಘೋರ ಚಳಿಯಂತೆ ಕಾಣುತ್ತದೆ, ಅದು ಪೆಟ್ರೋಲನ್ನು ಹೆಚ್ಚು ಸುರಿಯುತ್ತದೆ, ಕಪ್ಪು ಹೊಗೆ ಬರುವುದು ಅದಕ್ಕೇ. ಆ ಚಳಿಯನ್ನು ಅದು ಪೂರ್ತಿ ನಂಬುವುದೂ ಇಲ್ಲ. ಎಂಜಿನ್ ಸುಟ್ಟುಹೋದೀತೆಂಬ ಮುನ್ನೆಚ್ಚರಿಕೆಯಿಂದ ಫ್ಯಾನನ್ನೂ ಓಡಿಸುತ್ತದೆ, ಅಂದರೆ ಕಂಬಳಿ ಹೊದ್ದುಕೊಂಡೇ ಬೀಸಣಿಗೆ ಹಿಡಿಯುತ್ತದೆ.

"ಸೆನ್ಸರೇ ಹೋಗ್ಯದ ಬಿಡ್ರಿ ಸರ" ಎಂದು ಮೆಕ್ಯಾನಿಕ್ ಹೇಳಿದ ಮೇಲೆ ಹೊಸ ಸೆನ್ಸರನ್ನು ತಂದು ಹಾಕಿಸಿದೆ. ಆದರೂ ಮೈನಸ್ 40.

ಆಗ ನನ್ನೊಳಗಿನ ವಿಜ್ಞಾನಿ ಎಚ್ಚೆತ್ತ. ಹಳೆಯ ಸೆನ್ಸರನ್ನು ಮನೆಗೆ ತಂದು, ಹಾಲಿನ ಪಾತ್ರೆಯಲ್ಲಿ ನೀರಿಟ್ಟು, ಉಷ್ಣತೆ ಅಳೆಯಲು ಜ್ವರದ ಥರ್ಮಾಮೀಟರಿಗೆ ಕೈ ಹಾಕಿದಾಗ, ಅದು 42 ಡಿಗ್ರಿಗೇ ಮುಗಿಯುತ್ತದೆಂದು ಹೆಂಡತಿ ಎಚ್ಚರಿಸಿದಳು. ನಮ್ಮ ಊರಿನ ಮೇ ತಿಂಗಳಿಗೆ ಅಷ್ಟು ಸಾಕು, ಕುದಿಯುವ ನೀರಿಗೆ ಸಾಲದು. ಹಾಗಾಗಿ ಥರ್ಮಾಮೀಟರನ್ನು ಬಿಟ್ಟು, ರೋಧ ಅಳೆಯುವ ಮಲ್ಟಿಮೀಟರಿನ ಕಡ್ಡಿಗಳನ್ನು ಸೆನ್ಸರಿನ ಪಿನ್ನುಗಳಿಗೆ ಹಿಡಿದು, ಲೋಹದ ತುದಿಯನ್ನಷ್ಟೇ ನೀರಿನಲ್ಲಿ ಅದ್ದಿ ಕುಳಿತೆ. ಮೊದಲು 1,300 ಓಮ್‌ಗಳ ಆಸುಪಾಸಿನಲ್ಲಿದ್ದ ಅಂಕಿ ನೀರು ಬಿಸಿಯಾದಂತೆ ಒಂದು ಸಲವೂ ಜಿಗಿಯದೆ ಇಳಿಯುತ್ತ ಬಂದು, ಕುದಿಯುವಾಗ ಇನ್ನೂರರ ಹತ್ತಿರ ನಿಂತಿತು. ನಾವು ದುಡ್ಡು ಕೊಟ್ಟು ಗಡೀಪಾರು ಮಾಡಿಸಿದ್ದ ಸೆನ್ಸರು ಪರಮ ಪ್ರಾಮಾಣಿಕವಾಗಿತ್ತು.

ಮರುದಿನ ಕಾರಿನಲ್ಲಿ ಸೆನ್ಸರಿಗೆ ಸಿಕ್ಕಿಸಿದ್ದ ತಂತಿಯ ಪ್ಲಗ್ಗನ್ನು ಕಳಚಿ, ಅದರ ಎರಡು ಪಿನ್ನುಗಳನ್ನು ಸಣ್ಣ ತಂತಿಯಿಂದ ಜೋಡಿಸಿದೆ. ಕಂಪ್ಯೂಟರಿನವರೆಗಿನ ತಂತಿ ಸರಿಯಿದ್ದರೆ ಪರದೆಯ ಅಂಕಿ ಆ ತುದಿಯಿಂದ ಈ ತುದಿಗೆ ಹಾರಿ ನೂರು ದಾಟಬೇಕಿತ್ತು. ಅದು ಕದಲಲೇ ಇಲ್ಲ. ಪ್ಲಗ್ಗಿನ ಹಿಂದಿನ ರಬ್ಬರನ್ನು ಸರಿಸಿ ನೋಡಿದರೆ, ಹಸಿರು ಕಿಲುಬು ಹಿಡಿದ ಪಿನ್ನಿನ ಬುಡದಲ್ಲಿ ತಂತಿ ಕಡಿದುಹೋಗಿತ್ತು.

"ಇಲ್ಲಿ ನೀರು ಹೆಂಗ ಹೋಯ್ತ್ರಿ ಸರ?" ಎಂದು ಮೆಕ್ಯಾನಿಕ್ ಕೇಳಿದ. ಕಳೆದ ಆಯುಧಪೂಜೆಯ ದಿನ ಬಾನೆಟ್ ತೆರೆದು, ಪೈಪು ಹಿಡಿದು, ಎಂಜಿನ್ನಿಗೆ ಅಭ್ಯಂಜನ ಮಾಡಿಸಿ, ಆಮೇಲೆ ಕುಂಕುಮ ಹಚ್ಚಿದವನು ನಾನೇ ಎಂದು ಹೇಳುವ ಅಗತ್ಯ ನನಗೆ ಕಾಣಲಿಲ್ಲ. ಮಳೆಗಾಲದ ಮೇಲೆ ಹೊರಿಸಿ ಸುಮ್ಮನಾದೆ.

ಪಿನ್ ಬದಲಾದ ಮೇಲೆ ಅಂಕಿ ನಿಧಾನವಾಗಿ ತೊಂಬತ್ತಕ್ಕೆ ಏರಿ ಅಲ್ಲಿಯೇ ನಿಂತಿದೆ. ಹಳೆಯ ಸೆನ್ಸರು ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿದೆ. ಹಾಲಿನ ಪಾತ್ರೆಯನ್ನು ಮಾತ್ರ, ಮೂರು ಸಲ ತಿಕ್ಕಿ ಕೊಟ್ಟರೂ, ಹೆಂಡತಿ ಅಡುಗೆಮನೆಯೊಳಗೆ ಬಿಟ್ಟುಕೊಂಡಿಲ್ಲ. ಅದರಲ್ಲೀಗ ಕಾರು ಒರೆಸುವ ಬಟ್ಟೆ ನೆನೆಯುತ್ತದೆ.