ಶೀಟು ಹೊದ್ದ ಕಾಂಪ್ಲೆಕ್ಸು

2016ರ ಜನವರಿಯಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿ ಬಂತು. 20 ಊರುಗಳಲ್ಲಿ ದಾವಣಗೆರೆಯೂ ಒಂದು. ಅವತ್ತಿನಿಂದ ನಮ್ಮಲ್ಲಿ ಯಾವ ಕಟ್ಟಡವೂ ಸುಮ್ನೆ ಕಟ್ಟಡವಾಗಿ ಇರುವಂತಿಲ್ಲ. ಹೊಳೆಯಬೇಕು.

ಹಾಗೆ ಹೊಳೆಯುವ ಸರದಿ ಪೇಟೆಯ ಹಳೇ ಶಾಪಿಂಗ್ ಕಾಂಪ್ಲೆಕ್ಸಿಗೂ ಬಂತು. ಅದರ ಹೆಸರು ಬೇಡ ಬಿಡಿ, ಇನ್ನೂ ಅಲ್ಲೇ ಬಟ್ಟೆ ಹೊಲಿಸಬೇಕು. ಮುಂಭಾಗಕ್ಕೆಲ್ಲ ಅಲ್ಯೂಮಿನಿಯಂ ಶೀಟು, ನಡುವೆ ನೀಲಿ ಗಾಜು. ಫೋಟೋದಲ್ಲಿ ದುಬೈ ಥರಾ ಕಾಣುತ್ತದೆ. ಆದರೆ ಶೀಟಿನ ಹಿಂದೆ ಮೊದಲಿನ ಕಿಟಕಿಗಳೆಲ್ಲ ಹಾಗೇ ಇವೆ, ಗಾಳಿಯೊಂದೇ ಇಲ್ಲ. ಏಪ್ರಿಲ್‌ನಲ್ಲಿ ಇಲ್ಲಿ 38 ಡಿಗ್ರಿ ಮಾಮೂಲು. ಊರಿಗೆ 1951ರಲ್ಲೇ ಎಂಜಿನಿಯರಿಂಗ್ ಕಾಲೇಜು ಬಂದಿದೆ. ಬಿಸಿಲು ಅದಕ್ಕೂ ಮೊದಲೇ ಬಂದಿತ್ತು, ಯಾರೂ ಗಮನಿಸಿದಂತಿಲ್ಲ.

ಸೆಖೆಗೆ ಎಸಿ ಹಾಕಿದ್ದಾರೆ. ಕರೆಂಟ್ ಬಿಲ್ ಬಾಡಿಗೆದಾರರು ಕಟ್ಟಬೇಕೋ, ಮಾಲೀಕರು ಕಟ್ಟಬೇಕೋ ಎಂಬ ಜಗಳ ಮುಗಿದ ಮೇಲೆ ಆನ್ ಮಾಡುತ್ತಾರಂತೆ. ಲಿಫ್ಟ್ ಮಾತ್ರ ಓಡಿದೆ, ಉದ್ಘಾಟನೆಯ ದಿನ. ಅವತ್ತು ಬಂದ ಜನರೇಟರ್ ಅವತ್ತೇ ವಾಪಸ್ ಹೋಯಿತು.

ಗಾಲಿಕುರ್ಚಿಗೆ ಅಂತ ರ‍್ಯಾಂಪ್ ಕಟ್ಟಿದ್ದಾರೆ, ಒಳ್ಳೆಯದೇ. ಅದರ ಬಾಯಿಗೆ ಸರಿಯಾಗಿ ಸೆಲ್ಫಿ ಬೋರ್ಡ್ ನಿಲ್ಲಿಸಿದ್ದಾರೆ. ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ಅಂಗಡಿಗಳಿವೆ, ಗಾಡಿಗಳು ರಸ್ತೆಯಲ್ಲಿ. ಶೌಚಾಲಯಕ್ಕೆ ಹೊಸ ಟೈಲ್ಸ್ ಹಾಕಿ, ಕೊಳೆಯಾಗದಿರಲಿ ಅಂತ ಬೀಗ ಜಡಿದಿದ್ದಾರೆ.

ಬೋರ್ಡುಗಳಿಗೆಲ್ಲ ಒಂದೇ ಅಳತೆ, ಒಂದೇ ಬಣ್ಣ. 'ಯಜಮಾನ್ರೆ, ನಿಮ್ಮ ಅಂಗಡಿ ಸಿಗಲೇ ಇಲ್ಲ ಕಣ್ರೀ' ಅಂತ ಗಿರಾಕಿ ಫೋನ್ ಮಾಡಿದರೆ, ನಮ್ಮ ಟೈಲರ್ ಕೆಳಗಿಳಿದು ಬಂದು ಕೈ ಹಿಡಿದು ಕರೆದೊಯ್ಯುತ್ತಾರೆ. ಲಿಫ್ಟ್ ಇಲ್ಲವಲ್ಲ, ದಿನಕ್ಕೆ ಸಾಕಷ್ಟು ವ್ಯಾಯಾಮ.

ನನಗೆ ಜಾಸ್ತಿ ಹೊಟ್ಟೆ ಉರಿದಿದ್ದು ಮೇಲಿನ ಫುಡ್ ಕೋರ್ಟ್ ನೋಡಿ. ಮೆಟ್ಟಿಲ ಬಳಿ ಕಟ್ಟಿಗೆ ಒಲೆ ಇಟ್ಟು ದೋಸೆ ಹುಯ್ಯುತ್ತಿದ್ದವರನ್ನು 'ಹೊಗೆಯಿಂದ ಶೀಟು ಕಪ್ಪಾಗುತ್ತೆ' ಅಂತ ಎಬ್ಬಿಸಿದರು. ಈಗ ಮೇಲೆ ಇಂಡಕ್ಷನ್ ಒಲೆಯ ಮೇಲೆ 'ಅಸಲಿ ದಾವಣಗೆರೆ ಬೆಣ್ಣೆದೋಸೆ', ದುಪ್ಪಟ್ಟು ರೇಟು. ಬೆಣ್ಣೆಯನ್ನು ಮೇಲೆ ಸ್ಟಾಂಪು ಒತ್ತಿದಷ್ಟು ಹಚ್ಚುತ್ತಾರೆ. ಮಂಡಕ್ಕಿ, ಮೆಣಸಿನಕಾಯಿ ಕಟ್ಟಿಸಿಕೊಂಡು ಒಳಗೆ ಹೋದರೆ ಸೆಕ್ಯುರಿಟಿಯವನು ತಡೆಯುತ್ತಾನೆ: 'ಹೊರಗಿನ ತಿಂಡಿ ಬಿಡಂಗಿಲ್ಲಣ್ಣ.' ದಾವಣಗೆರೆಯಲ್ಲಿ ಮಂಡಕ್ಕಿ ಹೊರಗಿನ ತಿಂಡಿಯಂತೆ!

ವ್ಯಾಪಾರಿಗಳೆಲ್ಲ ಸೇರಿ ಸೆಖೆ ಬಗ್ಗೆ ಅರ್ಜಿ ಕೊಟ್ಟರು. ಕೂಡಲೇ ಸ್ಪಂದನೆ ಸಿಕ್ಕಿದೆ. ಎರಡನೇ ಹಂತದ ಅಂದಾಜು ಪಟ್ಟಿ ತಯಾರಾಗುತ್ತಿದೆ: ಶೀಟಿನಲ್ಲಿ ಕಿಟಕಿ ಕೊರೆಯುವ ಕಾಮಗಾರಿ. ಮುಗಿದ ಮೇಲೆ ಮತ್ತೊಮ್ಮೆ ಉದ್ಘಾಟನೆ, ಜನರೇಟರ್ ಆಗಲೇ ಬುಕ್ ಆಗಿದೆಯಂತೆ.