ಸ್ಪಷ್ಟನೆ: ಸಿಕಲ್ ಸೆಲ್ ಹಿಮೋಗ್ಲೋಬಿನ್‌ನ ಬದಲಾವಣೆಯನ್ನು ಗುರುತಿಸಿದವರು ವರ್ನನ್ ಇಂಗ್ರಾಮ್

ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರ ತಾಳುವ ಆನುವಂಶಿಕ ರೋಗವಾದ ಸಿಕಲ್ ಸೆಲ್ ರಕ್ತಹೀನತೆಗೆ ಕಾರಣವಾದ ಅಮೈನೋ ಆಮ್ಲದ (ಪ್ರೋಟೀನ್‌ನ ಮೂಲ ಘಟಕದ) ಬದಲಾವಣೆಯನ್ನು 1949ರಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಲೈನಸ್ ಪೌಲಿಂಗ್ ಪತ್ತೆಹಚ್ಚಿದರೆಂಬ ಮಾತು ಹರಿದಾಡುತ್ತಿದೆ, ಅದು ಸರಿಯಲ್ಲ. ಪೌಲಿಂಗ್, ಹಾರ್ವೆ ಇಟಾನೊ ಮತ್ತು ಸಂಗಡಿಗರು ಆ ವರ್ಷ ತೋರಿಸಿಕೊಟ್ಟದ್ದು, ರೋಗಿಗಳ ಹಿಮೋಗ್ಲೋಬಿನ್ (ರಕ್ತದಲ್ಲಿ ಆಮ್ಲಜನಕ ಸಾಗಿಸುವ ಪ್ರೋಟೀನ್) ವಿದ್ಯುತ್ ಕ್ಷೇತ್ರದಲ್ಲಿ ಬೇರೆ ರೀತಿಯಲ್ಲಿ ಚಲಿಸುತ್ತದೆ, ಅಂದರೆ ಅದರ ವಿದ್ಯುದಾವೇಶವೇ ಬೇರೆ ಎಂಬುದನ್ನು. ರೋಗದ ಮೂಲವನ್ನು ಅಣುವಿನಲ್ಲೇ ತೋರಿಸಿದ ಆ ಕೆಲಸದ ಹಿರಿಮೆ ಕಡಿಮೆಯದಲ್ಲ; ಆದರೆ ವ್ಯತ್ಯಾಸ ಅಣುವಿನ ಯಾವ ಭಾಗದಲ್ಲಿದೆ ಎಂಬುದು ಅದರಿಂದ ತಿಳಿದಿರಲಿಲ್ಲ.

ಅದನ್ನು ತಿಳಿಸಿದವರು, ಆಗ ಜರ್ಮನಿಯಲ್ಲಿದ್ದ ಬ್ರೆಸ್ಲಾವ್‌ನಲ್ಲಿ ಹುಟ್ಟಿ ನಾಜಿ ಆಡಳಿತದ ಕಾಲದಲ್ಲಿ ಇಂಗ್ಲೆಂಡಿಗೆ ಬಂದ ವರ್ನನ್ ಇಂಗ್ರಾಮ್. ಕೇಂಬ್ರಿಡ್ಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಅವರು ಹಿಮೋಗ್ಲೋಬಿನ್ ಅನ್ನು ಟ್ರಿಪ್ಸಿನ್ ಕಿಣ್ವದಿಂದ ತುಂಡರಿಸಿ, ಆ ತುಣುಕುಗಳನ್ನು ಕಾಗದದ ಹಾಳೆಯ ಮೇಲೆ ಒಂದು ದಿಕ್ಕಿನಲ್ಲಿ ವಿದ್ಯುತ್ತಿನಿಂದಲೂ ಅದಕ್ಕೆ ಅಡ್ಡಲಾಗಿ ದ್ರಾವಕದಿಂದಲೂ ಹರಡಿದಾಗ, ಬೆರಳಚ್ಚಿನಂತೆ ಮೂಡಿದ ಕಲೆಗಳಲ್ಲಿ ಒಂದು ಮಾತ್ರ ಬೇರೆ ಜಾಗದಲ್ಲಿತ್ತು. 1956ರಲ್ಲಿ ಇದನ್ನು ಪ್ರಕಟಿಸಿದ ಅವರು, ಗ್ಲುಟಾಮಿಕ್ ಆಮ್ಲವೆಂಬ ಅಮೈನೋ ಆಮ್ಲದ ಸ್ಥಾನದಲ್ಲಿ ವ್ಯಾಲೀನ್ ಎಂಬ ಇನ್ನೊಂದು ಅಮೈನೋ ಆಮ್ಲ ಇದೆಯೆಂದು 1957ರಲ್ಲಿ ತೋರಿಸಿದರು. ಜೀನ್‌ನ ಒಂದು ಬದಲಾವಣೆ ಪ್ರೋಟೀನ್‌ನ ಒಂದೇ ಅಮೈನೋ ಆಮ್ಲವನ್ನು ಬದಲಿಸಬಲ್ಲದೆಂದು ಜಗತ್ತು ಮೊದಲು ಅರಿತದ್ದು ಇಲ್ಲಿಂದಲೇ ಆದ್ದರಿಂದ, ಇಂಗ್ರಾಮ್ ಹೆಸರನ್ನು ಕೈಬಿಡುವುದು ಅನ್ಯಾಯ.

1958ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯ ಸೇರಿದ ಅವರು, ಮರುವರ್ಷ ಆಂಟನಿ ಸ್ಟ್ರೆಟನ್ ಜೊತೆಗೂಡಿ, ಹಿಮೋಗ್ಲೋಬಿನ್ ಸಾಕಷ್ಟು ತಯಾರಾಗದ ಆನುವಂಶಿಕ ರೋಗವಾದ ಥಲಸ್ಸೀಮಿಯಾದಲ್ಲಿ ಆಲ್ಫಾ ಮತ್ತು ಬೀಟಾ ಎಂಬ ಎರಡು ಬಗೆಗಳಿರಬೇಕೆಂಬ ವಿವರಣೆಯನ್ನೂ ಮುಂದಿಟ್ಟರು.